ಧಣಿ ಬರೆದುಕೊಟ್ಟ ಕಾಗದ

ರಾಲ್ ಚುಂಗಣ್ಣ ಸಂದರ್ಶನಕ್ಕೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದ. ಕೈಯಲ್ಲಿ ಅವನು ದುಡಿಯುವ ಹೋಟೆಲಿನ ಧಣಿ ಬರೆದುಕೊಟ್ಟ ಕಾಗದ. ಅದನ್ನು ಯಾಕಾದರೂ ತಂದನೋ ಅಂದುಕೊಂಡೆ.

ಜೀವಭಯದಿಂದ ಓಡಿಬಂದವರಿಗಷ್ಟೇ ಕೊಡುವ ನಿರಾಶ್ರಿತನೆಂಬ ಚೀಟಿ ಸಿಕ್ಕರೆ ಅವನು ಆಸ್ಟ್ರೇಲಿಯಾದಲ್ಲಿರುವ ಮಗಳು ಸುಯಿಯನ್ನು ಸೇರಬಹುದಿತ್ತು. ಸಿಗದಿದ್ದರೆ ಕೌಲಾಲಂಪುರದ ಪೊಲೀಸರು ಯಾವತ್ತಾದರೂ ಹಿಡಿದು ಬರ್ಮಾಕ್ಕೆ ಅಟ್ಟಬಹುದಿತ್ತು. ನಾನು ಆ ಚೀಟಿ ಕೊಡುವ ವಿಶ್ವಸಂಸ್ಥೆಯ ಕಚೇರಿಯ ದುಭಾಷಿ. ನಾನೂ ಅವನಂತೆ ಬರ್ಮಾದ ಚಿನ್ ಬೆಟ್ಟದವಳೇ, ಅವನ ಪಕ್ಕದ ಕೋಣೆಯವಳು. ಪರಿಚಯದವರಿಗೆ ದುಭಾಷಿಯಾಗಬಾರದೆಂಬ ನಿಯಮವಿತ್ತು. ಬೇರೆ ಯಾರಾದರೂ ಅವನ ಮಾತು ಕೆಡಿಸಿಯಾರೆಂದು ಪರಿಚಯದ ವಿಷಯ ಮುಚ್ಚಿಟ್ಟು ನಾನೇ ಕುಳಿತೆ. ಅಷ್ಟು ಅಹಂಕಾರ ನನಗೆ.

"ಊರು ಯಾಕೆ ಬಿಟ್ರಿ?" ಎಂದು ಅಧಿಕಾರಿ ಕೇಳಿದಳು.

ಸೈನಿಕರು ಚರ್ಚಿನ ಎದುರಿಗೇ ಅವನ ಮಗನನ್ನು ಗುಂಡಿಟ್ಟು ಕೊಂದು, ಇವನನ್ನೂ ಹುಡುಕಿಕೊಂಡು ಬಂದಿದ್ದರು. ಒಂದೇ ಒಂದು ಸಲ, ಜೋಳದ ಗಂಜಿ ಕಲಕುತ್ತಾ ನನಗೆ ಹೇಳಿದ್ದ. ಈಗ ಅದನ್ನು ಬಿಟ್ಟು ಕಾಗದ ಬಿಚ್ಚಿದ.

"ಎಂಟು ವರ್ಷ, ಒಂದಿನಾನೂ ರಜಾ ಹಾಕಿಲ್ಲ ಅಂತ ಧಣಿನೇ ಬರ್ದಿದಾರೆ. ಹೇಳು ಇವ್ರಿಗೆ."

ಹೇಳಿದೆ.

"ಹಂಗಾದ್ರೆ ಬಂದಿದ್ದು ಕೆಲ್ಸಕ್ಕೆ?"

"ಮತ್ತೆ? ಕೂತು ತಿನ್ನೋನಲ್ಲ ನಾನು. ದುಡಿಯೋಕೇ ಬಂದೆ."

ಅಯ್ಯೋ ಮಹರಾಯ, ಇಲ್ಲಿ ಯಾರಿಗೆ ಬೇಕಿತ್ತು ನಿನ್ನ ಮಾನ? ಮನಸ್ಸಿನಲ್ಲೇ ಬೈದುಕೊಳ್ಳುತ್ತಾ ಅದನ್ನೂ ಹೇಳಿದೆ.

ಅಧಿಕಾರಿ ಒಳ್ಳೆಯವಳೇ. ಪೆನ್ನು ಕೆಳಗಿಟ್ಟು, "ಬೇರೆ ಕಾರಣ ಏನಾದ್ರೂ ಇತ್ತಾ?" ಎಂದು ಮೆಲ್ಲಗೆ ಕೇಳಿದಳು.

ಅವನು ನನ್ನ ಕಡೆ ತಿರುಗಿದ. "ನಿಂಗೆ ಗೊತ್ತಲ್ಲ ತಂಗಿ. ಆ ಮಾತು ಇಲ್ಲಿ ಬೇಡ."

"ಏನಂದ್ರು?"

ಇದ್ದದ್ದು ಇದ್ದ ಹಾಗೆ ಹೇಳಿದರೆ, ಏನು ಗೊತ್ತು, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾಳೆ. ನನ್ನ ಕೆಲಸ ಹೋಗುತ್ತದೆ. ನನಗೆ ಭಯವಾಯಿತು.

"ಮತ್ತೇನೂ ಇಲ್ವಂತೆ" ಎಂದೆ.

ನಾಲ್ಕು ತಿಂಗಳಾದ ಮೇಲೆ ಉತ್ತರ ಬಂತು. ಹೊಟ್ಟೆಪಾಡಿಗೆ ಬಂದವನು, ಆಶ್ರಯಕ್ಕೆ ಅರ್ಹನಲ್ಲ. ಅವತ್ತು ಸಂಜೆ ಗಂಜಿಯ ಬಟ್ಟಲು ಹಿಡಿದುಕೊಂಡು ನನ್ನ ಬಾಗಿಲು ತಟ್ಟಿದ.

"ನೀನೇನೋ ಚೆನ್ನಾಗೇ ಹೇಳ್ದೆ, ಪಾಪ. ಆ ಕಾಗದಾನೇ ಸಾಕಾಗ್ಲಿಲ್ಲ. ಈ ಸಲ ಧಣಿ ಹತ್ರ ಇನ್ನೂ ದೊಡ್ಡದಾಗಿ ಬರೆಸ್ತೀನಿ. ಮೇಲ್ಮನವಿಗೂ ನೀನೇ ಇರ್ತೀಯಲ್ಲ?"

ಈ ಊರಿನಲ್ಲಿ ನನ್ನ ಬಾಗಿಲು ತಟ್ಟುವವನು ಅವನೊಬ್ಬನೇ. ಅವತ್ತು ನಾನು ಅವನ ಮಾತು ನುಂಗಿದ್ದನ್ನು ಹೇಳಿಬಿಟ್ಟರೆ ಅವನೂ ತಟ್ಟುವುದಿಲ್ಲ.

"ಇರ್ತೀನಿ ಅಣ್ಣ" ಎಂದು ಬಟ್ಟಲು ತೆಗೆದುಕೊಂಡೆ.