ಒರೆಸಿದ ಮೈಗೆ ಮುಲಾಮು

ಆಸ್ಪತ್ರೆಯ ಶವಾಗಾರದಲ್ಲಿ ಇಪ್ಪತ್ತೆಂಟು ವರ್ಷ ದುಡಿದವಳನ್ನು ದೊಡ್ಡ ಡಾಕ್ಟರರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ದೂರದಿಂದ ನೆಂಟರು ಬರುವತನಕ ಹೆಣವನ್ನು ಮುಖ ನೋಡುವ ಹಾಗೆ ಇಟ್ಟುಕೊಳ್ಳುವುದು ಅವಳ ಕೆಲಸ. ತಣ್ಣನೆಯ ಪೆಟ್ಟಿಗೆಯಲ್ಲಿ ಎರಡು ದಿನ ಇದ್ದರೆ ಸಾಕು, ತುಟಿ ಮುದುಡುತ್ತದೆ, ರೆಪ್ಪೆ ಒಣಗಿ ಮೇಲೇಳುತ್ತದೆ, ಬೆರಳ ತುದಿ ಸುಕ್ಕುಗಟ್ಟುತ್ತದೆ. ಹಾಗಾಗದಿರಲೆಂದು ಅಕ್ಕ ಮುಲಾಮು ಹಚ್ಚುತ್ತಿದ್ದಳು. ಹೊಸದಾಗಿ ಸೇರಿದವರು ಲೋಷನ್ ಬಾಟಲಿ ಹಿಡಿದು ಬಂದರೆ ಅವಳಿಗೆ ನಗು.

"ಅದರಲ್ಲಿ ಮುಕ್ಕಾಲು ಪಾಲು ನೀರೇ ಕಣ್ರೀ, ಗಾಳಿಗೆ ಹಾರಿಹೋಗುತ್ತೆ. ಕ್ರೀಮಲ್ಲಿ ನೀರೂ ಇದೆ, ಎಣ್ಣೆನೂ ಇದೆ, ಸುಮಾರಾಗಿ ತಡೆಯುತ್ತೆ. ಮುಲಾಮು ಅಂದ್ರೆ ಬರೀ ಜಿಡ್ಡು. ಹಚ್ಚಿದ್ರೆ ಬಾಗಿಲು ಹಾಕಿದ ಹಾಗೆ."

ಹಚ್ಚುವ ಮೊದಲು ಒಂದು ಹನಿಯೂ ಉಳಿಯದಂತೆ ಒರೆಸಬೇಕು. ಜಿಡ್ಡಿನ ಕೆಳಗೆ ತೇವ ಉಳಿದರೆ ಅಲ್ಲಿ ಚರ್ಮ ಜಾರಿಬರುತ್ತದೆ ಎನ್ನುವುದು ಅವಳು ಕೈಯಿಂದ ಕಲಿತ ಪಾಠ.

ಇಷ್ಟೆಲ್ಲ ತಿಳಿದವಳ ಮೊಮ್ಮಗಳ ಮೈ ಮರದ ತೊಗಟೆಯಂತೆ ಒಣಗಿತ್ತೆಂದರೆ ಅವಳಿಗೆ ಎಷ್ಟು ಅವಮಾನವಾಗಿರಬೇಡ. ಎಂಟು ತಿಂಗಳ ಪುಟ್ಟಿಯ ಮೊಣಕೈ ಮಡಿಕೆಯಲ್ಲಿ, ಮೊಣಕಾಲಿನ ಹಿಂದೆ, ಕೆನ್ನೆಯ ಮೇಲೆ ಕೆಂಪು ಬಿರುಕುಗಳು. ಅಳಿಯ ಹಡಗಿನ ಕೆಲಸದವನು, ವರ್ಷಕ್ಕೆ ಎರಡು ಸಲ ಮುಖ ತೋರಿಸಿದರೆ ಹೆಚ್ಚು. ಮಗಳು ಬೆಳಗ್ಗೆ ಏಳಕ್ಕೆಲ್ಲ ಬಟ್ಟೆ ಕಾರ್ಖಾನೆಗೆ ಹೊರಟುಬಿಡುತ್ತಿದ್ದಳು. ಅಕ್ಕನ ಪಾಳಿ ಸಂಜೆಯದು. ಹಾಗಾಗಿ ಪುಟ್ಟಿಯ ಸ್ನಾನ, ಲೇಪನ ಎಲ್ಲವೂ ಅಕ್ಕನ ಪಾಲಿಗೆ ಬಂದಿತ್ತು.

ಮೊದಲು ಅಳಿಯ ಕಳಿಸಿದ ಘಮಘಮ ಲೋಷನ್ ಹಚ್ಚಿ ನೋಡಿದರು. ಬಿರುಕಿಗೆ ತಾಗಿ ಉರಿ ಹತ್ತಿ ಪುಟ್ಟಿ ಊರು ಒಂದು ಮಾಡಿತು. ಆಮೇಲೆ ಬಂದ ಕ್ರೀಮ್ ಅರ್ಧ ದಿನ ತಡೆಯಿತು. "ಇನ್ನು ನನಗೆ ಬಿಟ್ಟುಬಿಡು" ಎಂದು ಅಕ್ಕ ಮುಲಾಮಿನ ಡಬ್ಬಿ ತೆರೆದಳು. ಮೂರು ವಾರ ಕಳೆಯಿತು. ಬಿರುಕು ಇನ್ನಷ್ಟು ಬಾಯಿ ಬಿಟ್ಟಿತು.

ನೋಡಲು ಬಂದ ಬೀಗಿತ್ತಿ ಮೂಗು ಮುರಿದಳು. "ಏನು ಹಚ್ತೀವಿ ಅನ್ನೋದು ಆಮೇಲಿನ ಮಾತು. ಯಾವ ಕೈ ಹಚ್ಚುತ್ತೆ ಅನ್ನೋದನ್ನೂ ನೋಡ್ಬೇಕಲ್ವಾ?"

ಹೆಣ ಮುಟ್ಟಿದ ಕೈ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಮಗಳು ಅತ್ತೆಯ ಎದುರು ತಾಯಿಯ ಪರವಾಗಿಯೇ ಮಾತಾಡಿದಳು. ಅತ್ತೆ ಹೋದ ಮೇಲೆ ಮಾತ್ರ ಬಟ್ಟೆ ಮಡಚುತ್ತ, ತಲೆ ಎತ್ತದೆ ಹೇಳಿದಳು.

"ಚರ್ಮದ ಡಾಕ್ಟರಿಗೆ ಒಂದ್ಸಲ ತೋರಿಸೋಣಮ್ಮ. ಆಗ್ಲೂ ವಾಸಿ ಆಗ್ಲಿಲ್ಲ ಅಂದ್ರೆ ಪುಟ್ಟಿನ ಅತ್ತೆ ಮನೇಲಿ ಬಿಡ್ತೀನಿ."

ಅಕ್ಕನ ದಿನದಲ್ಲಿ ಬೆಚ್ಚಗಿರುವ ಮೈ ಎಂದರೆ ಪುಟ್ಟಿಯದೊಂದೇ. ಎಷ್ಟು ಸೋಪು ಹಾಕಿ ತೊಳೆದರೂ ಕೈಯ ತಣುಪು ಹೋಗುತ್ತಿರಲಿಲ್ಲ. ಬಾಗಿಲ ಹಿಡಿಯನ್ನು ಮುಟ್ಟಿದರೂ ಯಾರದೋ ಮುಂಗೈ ಹಿಡಿದಂತಾಗುತ್ತಿತ್ತು. ತಾನು ಹಚ್ಚಿ ಕಳಿಸಿದವರೆಲ್ಲ ಮನೆಯ ಗೋಡೆಗೆ ಒರಗಿ ನಿಂತಿದ್ದಾರೆ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು. ಅವರಿಗೆ ಅವಳ ಮೇಲೆ ಸಿಟ್ಟಿರಲಿಲ್ಲ, ಹೋಗುವ ಮನಸ್ಸೂ ಇರಲಿಲ್ಲ. ಪುಟ್ಟಿಯನ್ನು ಎತ್ತಿಕೊಂಡಾಗ ಮಾತ್ರ ಆ ಗೋಡೆ ಖಾಲಿಯಾಗುತ್ತಿತ್ತು.

ಚರ್ಮದ ಡಾಕ್ಟರ್ ನಡುವಯಸ್ಸಿನ ಹೆಂಗಸು. ಡಬ್ಬಿ ತೆರೆದು ಮೂಸಿದರು. "ವಾಸನೆ ಇಲ್ಲ, ಒಳ್ಳೇದು. ಇಷ್ಟು ಒಣಗಿದ ಮೈಗೆ ಇದೇ ಬೇಕು. ಇದರಲ್ಲಿ ತಪ್ಪಿಲ್ಲ. ಹೇಗೆ ಹಚ್ತೀರಿ, ಒಂಚೂರು ತೋರಿಸಿ."

ನರ್ಸ್ ಉಗುರುಬೆಚ್ಚನೆಯ ನೀರಿನಲ್ಲಿ ಪುಟ್ಟಿಯ ಮೈ ತೊಳೆದು ಮೇಜಿನ ಮೇಲೆ ಮಲಗಿಸಿದಳು. ಅಕ್ಕನಿಗೆ ಹುರುಪು ಬಂತು, ತನ್ನ ವಿದ್ಯೆ ಇದೇ ತಾನೆ. ಟವೆಲಿನಿಂದ ಒರೆಸಿದಳು. ಕತ್ತಿನ ಮಡಿಕೆ, ಕಿವಿಯ ಹಿಂದೆ, ಕಾಲ್ಬೆರಳ ಸಂದಿ, ಎಲ್ಲೂ ಪಸೆ ಉಳಿಯದಂತೆ ಒತ್ತಿ ಒರೆಸಿದಳು. ಬೆರಳಿಗೆ ಮುಲಾಮು ತೆಗೆದುಕೊಂಡು ಮೊದಲು ರೆಪ್ಪೆಗಳನ್ನು ಮುಚ್ಚಿ ಸವರಿದಳು. ಆಮೇಲೆ ತುಟಿಗೆ ಹಚ್ಚಿ, ಗಲ್ಲವನ್ನು ಹೆಬ್ಬೆರಳಿನಿಂದ ಮೇಲಕ್ಕೊತ್ತಿ ಬಾಯಿ ಮುಚ್ಚಿದಳು. ಎರಡು ಕೈಗಳನ್ನೂ ಪಕ್ಕಕ್ಕೆ ನೀಟಾಗಿ ಚಾಚಿಟ್ಟು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ನರ್ಸಿನ ಕೈಯಲ್ಲಿ ಕೊಸರಾಡುತ್ತಿದ್ದ ಪುಟ್ಟಿ ಈಗ ಮಿಸುಕಲಿಲ್ಲ.

"ಮಗು ಯಾಕೆ ಹೀಗೆ ಸುಮ್ನಾಗಿಬಿಡ್ತು?" ಡಾಕ್ಟರ್ ಮುಂದೆ ಬಾಗಿದರು.

"ನನ್ನ ಕೈಯಲ್ಲಿ ಯಾವಾಗ್ಲೂ ಹೀಗೇ. ಜಾಣೆ" ಎಂದಳು ಅಕ್ಕ, ಹೆಮ್ಮೆಯಿಂದ.

ಹಿಂದೆ ಕುರ್ಚಿ ಸರಿದ ಸದ್ದಾಯಿತು. ಚಿಕ್ಕವಳಿದ್ದಾಗ ತಾಯಿಗೆ ಊಟದ ಡಬ್ಬಿ ಕೊಡಲು ಹೋಗಿ ಮಗಳು ಶವಾಗಾರದ ಬಾಗಿಲ ಸಂದಿಯಿಂದ ಒಮ್ಮೆ ಇಣುಕಿದ್ದಳು. ಅಂದು ಕಂಡದ್ದೇ ಇಂದು ಕಣ್ಣೆದುರಿಗೆ ಇತ್ತು. ಅವಳು ಓಡಿಬಂದು ಮಗುವನ್ನು ಬಾಚಿಕೊಂಡಳು. ಪುಟ್ಟಿ ಕಣ್ಣು ಬಿಟ್ಟು ಜೋರಾಗಿ ಅತ್ತಿತು. ಮಗಳ ಮುಖ ನೋಡಿದ ಮೇಲೆಯೇ ಅಕ್ಕನಿಗೆ ತನ್ನ ಕೈ ಏನು ಮಾಡುತ್ತಿತ್ತೆಂದು ತಿಳಿದದ್ದು.

ಡಾಕ್ಟರಿಗೆ ಇದಾವುದೂ ಗೊತ್ತಿರಲಿಲ್ಲ. ಅವರು ಸಮಾಧಾನದಿಂದ ಹೇಳಿದರು. "ಮುಲಾಮು ನೀರು ಕೊಡಲ್ಲಮ್ಮ, ಇರೋ ನೀರನ್ನ ಹಿಡಿದಿಡುತ್ತೆ ಅಷ್ಟೇ. ನೀವು ಇರೋದನ್ನೆಲ್ಲ ಒರೆಸಿ ತೆಗೆದು ಬಾಗಿಲು ಹಾಕ್ತಿದ್ದೀರಿ. ಉಜ್ಜಬೇಡಿ. ಟವೆಲು ಮೆತ್ತಗೆ ಒತ್ತಿ, ಮೈ ಇನ್ನೂ ಒದ್ದೆ ಇರೋವಾಗ್ಲೇ ಹಚ್ಚಿ. ಬದುಕಿರೋ ಚರ್ಮಕ್ಕೆ ತೇವ ಬೇಕು."

ಮಗಳು ಕಾರ್ಖಾನೆಗೆ ರಜೆ ಹಾಕಿ ತಾನೇ ಸ್ನಾನ ಮಾಡಿಸತೊಡಗಿದಳು. ಡಬ್ಬಿ ಅದೇ, ಮುಲಾಮು ಅದೇ. ಹದಿನೈದು ದಿನದಲ್ಲಿ ಬಿರುಕು ಕೂಡಿಕೊಂಡು ಕೆನ್ನೆ ನುಣುಪಾಯಿತು. ಬೀಗಿತ್ತಿ ಬಂದು ನೋಡಿ, ಕೆನ್ನೆ ಸವರಿ ಹೋದಳು. ಬಚ್ಚಲಿನಿಂದ ಕೇಳುವ ನೀರಿನ ಎರಚಾಟ, ಕೇಕೆಗಳಿಗೆ ಅಕ್ಕ ಹೊರಗಿನಿಂದಲೇ ಕಿವಿಗೊಡುತ್ತಿದ್ದಳು.

ರಜೆ ಮುಗಿಯುವ ಹಿಂದಿನ ದಿನ ಮಗಳು ಅವಳನ್ನು ಒಳಗೆ ಕರೆದಳು. "ಬಾಮ್ಮ, ಇವತ್ತು ನೀನೇ ಹಚ್ಚು. ನಾಳೆಯಿಂದ ಮತ್ತೆ ನಿನ್ನದೇ ತಾನೆ."

ಅಕ್ಕನ ಕಣ್ಣು ತುಂಬಿತು. ಟವೆಲಿನ ಮೇಲೆ ಪುಟ್ಟಿ ಕಾಲು ಬಡಿಯುತ್ತ ಮಲಗಿತ್ತು, ಎದೆಯ ಮೇಲೆ ನೀರಿನ ಹನಿಗಳು ಹಾಗೇ ಇದ್ದವು. ಅವಳು ಒರೆಸಲಿಲ್ಲ. ಅಂಗೈಯಲ್ಲಿ ಮುಲಾಮು ತಿಕ್ಕಿ ಬೆಚ್ಚಗೆ ಮಾಡಿಕೊಂಡು, ಕಣ್ಣಿನ ತಂಟೆಗೆ ಹೋಗದೆ, ಹೊಟ್ಟೆಯ ಮೇಲೆ ಮೃದುವಾಗಿ ಕೈಯಿಟ್ಟಳು.

ಕಾಲು ಬಡಿಯುವುದು ನಿಂತಿತು. ಪುಟ್ಟಿ ತಾನಾಗಿಯೇ ಎರಡು ಕೈಗಳನ್ನೂ ಪಕ್ಕಕ್ಕೆ ಚಾಚಿ, ಬಾಯಿ ಮುಚ್ಚಿ, ಕಣ್ಣು ಮುಚ್ಚಿತು.

ಅಕ್ಕ ಕೈ ಹಿಂದಕ್ಕೆ ತೆಗೆದಳು.

"ಯಾಕಮ್ಮ? ಈಗ ಸರಿಯಾಗಿ ಹಚ್ಚೋಕೆ ಬರುತ್ತಲ್ಲ ನಿಂಗೆ."

"ನಂಗೆ ಬರುತ್ತೆ ಕಣೇ" ಎಂದಳು ಅಕ್ಕ. "ಹೀಗೆ ಮಲಗೋದು ಮಗೂಗೂ ಬಂದುಬಿಟ್ಟಿದೆ. ನಾಳೆಯಿಂದ ಪುಟ್ಟಿನ ನಿನ್ನ ಅತ್ತೆ ಮನೇಲೇ ಬಿಡು."

ಟವೆಲಿನ ಮೇಲೆ ಪುಟ್ಟಿ ಇನ್ನೂ ಕಣ್ಣು ಮುಚ್ಚಿಕೊಂಡೇ ಇತ್ತು.