ಅಧ್ಯಾಹಾರ ಒಪ್ಪದವಳು

ಅವಳ ಸ್ವೆಟರಿಗೆ ಗುಂಡಿಗಳಿಲ್ಲ. ಇದ್ದ ಐದು ಲೋಹದ ಗುಂಡಿಗಳನ್ನು ತಾನೇ ಕತ್ತರಿಸಿ ಆ ಜಾಗದಲ್ಲಿ ದಾರದ ಗಂಟುಗಳನ್ನು ಹಾಕಿಕೊಂಡಿದ್ದಾಳೆ. ಐದರಲ್ಲಿ ಮೂರು ಸದಾ ಬಿಚ್ಚಿಯೇ ಇರುತ್ತವೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಮೆದುಳಿನ ಚಿತ್ರ ತೆಗೆಯುವ ಆ ಭಾರಿ ಆಯಸ್ಕಾಂತದ ಪಕ್ಕದ ತಣ್ಣನೆಯ ಕೋಣೆಯಲ್ಲಿ, ಇಪ್ಪತ್ತೆರಡು ವರ್ಷಗಳಿಂದ ಕುಳಿತು ಚಿತ್ರ ಓದುತ್ತಿರುವ ಡಾಕ್ಟರು ಅವಳು. ಜೇಬಿನಲ್ಲಿ ಒಂದು ಬೀಗದ ಕೈ ಇದ್ದರೂ ಯಂತ್ರ ಅದನ್ನು ಸೆಳೆದುಕೊಳ್ಳುತ್ತದೆಂದು, ಬಂದವರಿಗೆಲ್ಲ ಅವಳ ಮೊದಲ ಮಾತು ಒಂದೇ: "ಜೇಬು." ಒಮ್ಮೆ ನಮ್ಮ ಮನೆಗೆ ಬಂದಾಗಲೂ, ಬಾಗಿಲು ತೆರೆದ ನನ್ನ ಹೆಂಡತಿಗೆ ಅಭ್ಯಾಸಬಲದಿಂದ ಅದನ್ನೇ ಅಂದಳು.

"ನನ್ನ ಜೇಬಲ್ಲಿ ಇರೋದೆಲ್ಲ ನಿಮ್ಮ ಮೇಷ್ಟ್ರ ಕನ್ನಡಕ. ಒಳಗೆ ಬಾ ತಾಯಿ," ಎಂದಳು ನನ್ನವಳು.

ಇನ್ನು ಅವಳ ನಡಿಗೆಯೋ, ಮುಂದಕ್ಕೆ ಬಾಗಿ, ಎಲ್ಲೋ ಜಗಳ ಆಗಲೇ ಶುರುವಾಗಿದೆ, ತಾನು ತಲುಪುವುದಷ್ಟೇ ಬಾಕಿ ಎಂಬಂತೆ.

ಒಂಬತ್ತನೆಯ ತರಗತಿಯಲ್ಲಿ ಅವಳು ನನ್ನ ಶಿಷ್ಯೆ. ಆ ದಿನ ವ್ಯಾಕರಣದ ಪಾಠ. 'ಬಂದಳು' ಎಂದು ಬರೆದರೆ ಸಾಕು, 'ಅವಳು' ಎಂಬ ಕರ್ತೃಪದವನ್ನು ಓದುವವರು ತಾವೇ ತುಂಬಿಕೊಳ್ಳುತ್ತಾರೆ. ವಾಕ್ಯದಲ್ಲಿ ಇಲ್ಲದ ಪದವನ್ನು ಹೀಗೆ ತಂದುಕೊಳ್ಳುವುದೇ ಅಧ್ಯಾಹಾರ ಎಂದು ಹೇಳಿದೆ. ಹಿಂದಿನ ಬೆಂಚಿನಿಂದ ಅವಳು ಎದ್ದಳು.

"ತಪ್ಪು ಪದ ತುಂಬಿಕೊಂಡ್ರೆ, ಮೇಷ್ಟ್ರೇ?"

"ಸಂದರ್ಭ ನೋಡಿದ್ರೆ ಗೊತ್ತಾಗುತ್ತೆ ಕಣಮ್ಮ."

"ಸಂದರ್ಭಾನೂ ಬರೆದಿಲ್ಲ ಅಂದ್ರೆ?"

ತರಗತಿ ನಕ್ಕಿತು, ನಾನೂ ನಕ್ಕೆ. ಅವಳು ಮಾತ್ರ ನಗದೆ ಕುಳಿತಳು.

ನಿವೃತ್ತನಾದ ಮೇಲೆ ನಾನು ಅದೇ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಮಧ್ಯಾಹ್ನದ ಹೊತ್ತು ಓದು ಬರಹ ಕಲಿಸಲು ಹೋಗತೊಡಗಿದೆ. ಅಲ್ಲಿಯ ಮಕ್ಕಳಿಗೆ ರಕ್ತದ ಕ್ಯಾನ್ಸರು. ಚಿಕಿತ್ಸೆ ಎರಡು ಮೂರು ವರ್ಷ ನಡೆಯುತ್ತದೆ. ಕಾಯಿಲೆ ಮೆದುಳಿನಲ್ಲಿ ಅಡಗಿ ಕೂರದಂತೆ ಬೆನ್ನುಹುರಿಯ ಸುತ್ತಲಿನ ನೀರಿಗೇ ಔಷಧ ಹಾಕುತ್ತಾರೆ. ಆ ಔಷಧ ಪ್ರಾಣ ಉಳಿಸುತ್ತದೆ. ಎಲ್ಲೋ ಒಂದೊಂದು ಮಗುವಿನಲ್ಲಿ ಮಾತ್ರ ಮೆದುಳನ್ನೇ ಕೆಣಕುತ್ತದೆ. ಕೆಣಕಿದ್ದು ಚಿತ್ರದಲ್ಲಿ ಕಾಣುತ್ತದೆ. ಆದರೆ ಯಾವ ಔಷಧ, ಯಾವ ದಿನ ಕೊಟ್ಟದ್ದು ಎಂದು ತಿಳಿಯದಿದ್ದರೆ ಕಂಡದ್ದನ್ನು ಬೇರೇನೋ ಎಂದು ಓದಿಬಿಡಬಹುದು.

ಅವಳ ಕೋಣೆಗೆ ಬರುವ ಚೀಟಿಗಳಲ್ಲೋ, 'ಫಿಟ್ಸ್. ಸ್ಕ್ಯಾನ್ ಮಾಡಿ' ಎಂದಷ್ಟೇ. ಮಗುವನ್ನು ತಡಮಾಡದೆ ಯಂತ್ರದೊಳಗೆ ಮಲಗಿಸಿ, ಚೀಟಿಯ ಮೇಲೆ ಮಾತ್ರ ಕೆಂಪು ಪೆನ್ಸಿಲಿನಲ್ಲಿ 'ಕರ್ತೃ ಯಾರು?' ಎಂದು ಗೀಚಿ ವಾಪಸು ಕಳಿಸುತ್ತಾಳೆ. ಹೊಸ ಡಾಕ್ಟರೊಬ್ಬ, ಕರ್ತೃ ಎಂಬುದು ಯಾವುದೋ ರಕ್ತಪರೀಕ್ಷೆ ಇರಬೇಕೆಂದು ಲ್ಯಾಬಿಗೆ ಹೋಗಿ ವಿಚಾರಿಸಿದ್ದುಂಟು.

ಈ ಸಿಟ್ಟಿನ ಹುಟ್ಟನ್ನು ಅವಳು ನನಗೆ ಒಂದೇ ಸಲ ಹೇಳಿದ್ದಾಳೆ. ಹತ್ತು ವರ್ಷದ ಹಿಂದೆ ಒಬ್ಬ ಹುಡುಗನ ಚೀಟಿಯಲ್ಲಿ 'ಜ್ವರ, ಫಿಟ್ಸ್' ಎಂದಿತ್ತು. ಬಿಟ್ಟ ಜಾಗವನ್ನು ಅವಳು ತಾನೇ ತುಂಬಿಕೊಂಡಳು: ಸೋಂಕು. ಹಾಗೆಯೇ ವರದಿ ಬರೆದಳು. ಮೆದುಳನ್ನು ಕೆಣಕಿದ್ದ ಔಷಧವೇ ಮುಂದುವರಿಯಿತು. ಹುಡುಗ ಬದುಕಿದ; ಕಲಿತಿದ್ದ ಅಕ್ಷರಗಳು ಮಾತ್ರ ಮರಳಲಿಲ್ಲ.

ಹೋದ ವರ್ಷದ ಮಾತು. ಎಂಟು ವರ್ಷದ ಹುಡುಗಿಯೊಬ್ಬಳು ನನ್ನೆದುರು ಕಾಪಿ ಬರೆಯುತ್ತಿದ್ದಳು. ಪೆನ್ಸಿಲ್ ಜಾರಿತು. ಎತ್ತಿಕೊಟ್ಟೆ, ಮತ್ತೆ ಜಾರಿತು. ಮಾತಾಡಿಸಿದರೆ ಸುಮ್ಮನೆ ನೋಡಿದಳು. ನಾನು ಪುಸ್ತಕ ಮುಚ್ಚಿ ಮನೆಗೆ ಹೋದೆ. ಮಾರನೆಯ ದಿನ ವಾರ್ಡಿನ ದೊಡ್ಡ ಡಾಕ್ಟರು ಅದನ್ನು ಹಟವೆಂದರು. "ನಾಳೆ ಬೆನ್ನಿಗೆ ಇಂಜೆಕ್ಷನ್ ಇದೆಯಲ್ಲ, ಅದಕ್ಕೇ ಈ ನಾಟಕ. ನೀವೇ ಮುದ್ದು ಮಾಡಿ ಕೆಡಿಸಿದ್ದೀರಮ್ಮ," ಎಂದು ತಾಯಿಗೂ ಚುಚ್ಚಿದರು. ತಾಯಿ ಕಾಲಿಗೆ ಬೀಳುವುದೊಂದು ಬಾಕಿ ಎಂಬಷ್ಟು ಬೇಡಿಕೊಂಡ ಮೇಲೆ ಚೀಟಿ ಹೊರಟಿತು: 'ಬಲಗೈ ಸೋತಿದೆ. ಮಾತಿಲ್ಲ. ಸ್ಕ್ಯಾನ್.'

ಸ್ಕ್ಯಾನ್ ಮುಗಿಸಿ ನನ್ನ ಶಿಷ್ಯೆ ಮೂರು ಮಹಡಿ ಮೆಟ್ಟಿಲು ಹತ್ತಿ ಬಂದಳು. ಒಂದು ಕೈಯಲ್ಲಿ ಫಿಲ್ಮು, ಇನ್ನೊಂದರಲ್ಲಿ ಆ ಚೀಟಿ.

"ಯಾರು ಬರೆದಿದ್ದು ಇದನ್ನ?"

"ನಾನೇ. ಅದಕ್ಕೇನೀಗ ಮೇಡಂ? ಮಗು ಹಟ ಮಾಡ್ತಿದೆ, ಅಷ್ಟೆ," ಎಂದರು ದೊಡ್ಡ ಡಾಕ್ಟರು.

"ಹಟ ಮಾಡೋ ಮಗು ಬಾಯಿ ಮುಚ್ಚಿಕೊಳ್ಳುತ್ತೆ ಡಾಕ್ಟ್ರೇ. ಬಾಯಿಯ ಒಂದೇ ಮೂಲೆ ಜೋತು ಬೀಳಲ್ಲ." ತಾಯಿಯ ಕಡೆ ತಿರುಗಿದಳು. "ಬೆನ್ನಿಗೆ ಹಿಂದಿನ ಸಲ ಯಾವತ್ತು ಹಾಕಿದ್ರು?"

"ಇವತ್ತಿಗೆ ಒಂಬತ್ತು ದಿನ, ಅಮ್ಮ."

"ನೋಡಿ, ಇವರ ಬಾಯಲ್ಲೇ ಇದೆ. ನಿಮಗೆ ಒಂದು ಸಾಲು ಬರೆಯೋದು ಭಾರವಾಯ್ತು." ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೆದುಳಿನ ಎಡಭಾಗದಲ್ಲಿ ಹೆಬ್ಬೆರಳು ಒತ್ತಿದಷ್ಟು ಬಿಳಿಯ ಕಲೆ. "ನಿಮ್ಮ ಹಟ ಇಲ್ಲಿ ಕೂತಿದೆ. ಬೆನ್ನಿಗೆ ಹಾಕಿದ ಮೆಥೊಟ್ರೆಕ್ಸೇಟ್. ನಾಳೆ ಅದನ್ನೇ ಮತ್ತೆ ಹಾಕ್ತಿದ್ರಿ."

"ಚೀಟಿ ನೋಡಿದ್ರೆ ನಿಮಗೇ ಅರ್ಥ ಆಗಬೇಕಿತ್ತು."

"ಅರ್ಥ ಆಯ್ತು ಅಂತ ಒಂದ್ಸಲ ಅಂದ್ಕೊಂಡಿದ್ದೆ. ಆ ಹುಡುಗನಿಗೆ ಈಗ ಹದಿನೇಳು. ತನ್ನ ಹೆಸರು ಓದೋಕೆ ಬರಲ್ಲ."

ದೊಡ್ಡ ಡಾಕ್ಟರು ಕನ್ನಡಕ ಒರೆಸಿಕೊಂಡರು. ಅವಳ ಕಣ್ಣು ಆಗ ನನ್ನ ಮೇಲೆ ಬಿತ್ತು.

"ಮೇಷ್ಟ್ರೇ, ಕೈ ಮೊದಲು ಸೋತಿದ್ದು ಯಾವಾಗ?"

"ನಿನ್ನೆ ಮೂರು ಗಂಟೆಗೆ. ಪೆನ್ಸಿಲ್ ಜಾರಿತು."

"ಯಾರಿಗೆ ಹೇಳಿದ್ರಿ?"

ನಾನು ಯಾರಿಗೂ ಹೇಳಿರಲಿಲ್ಲ.

"ಆಯಾಸ ಅಂತ ತುಂಬಿಕೊಂಡ್ರಾ?" ಎಂದಳು. ದನಿ ಏರಿರಲಿಲ್ಲ. ಮೂವತ್ತನಾಲ್ಕು ವರ್ಷ ತರಗತಿಯಲ್ಲಿ ನಿಂತವನು ಹೌದೆಂದು ತಲೆಯಾಡಿಸಿದೆ.

ಇಂಜೆಕ್ಷನ್ ನಿಂತಿತು. ನಾಲ್ಕನೆಯ ದಿನ ಹುಡುಗಿ "ನನ್ ಪೆನ್ಸಿಲ್ ಕೊಡಿ" ಎಂದಳು. ಅಕ್ಷರಗಳು ಸೊಟ್ಟಗಿದ್ದವು, ಆದರೆ ಇದ್ದವು. ಹಾಗಾದರೆ ಔಷಧದ್ದೇ ತಪ್ಪಾ ಎಂದು ತಾಯಿ ಕೇಳಿದರು. "ಅಲ್ಲ ತಾಯಿ. ಇವಳನ್ನ ಇಲ್ಲಿವರೆಗೆ ಕರ್ಕೊಂಡು ಬಂದಿರೋದೂ ಅದೇ. ಅದರ ಹೆಸರು ಬರೆದಿದ್ರೆ ಸಾಕಿತ್ತು," ಎಂದಳು ಅವಳು. ಕಡತದಲ್ಲಿ ದೊಡ್ಡ ಡಾಕ್ಟರು ಬರೆದದ್ದು ಇಷ್ಟೇ: 'ಔಷಧವನ್ನು ಮುಂದೂಡಲಾಯಿತು.' ಕೆಳಗೆ ಕೆಂಪು ಪೆನ್ಸಿಲಿನ ಎರಡು ಮಾತು: 'ಯಾರು? ಏಕೆ?' ನಾನು ಕೊನೆಯ ಸಲ ನೋಡಿದಾಗಲೂ ಆ ಪ್ರಶ್ನೆಗಳ ಮುಂದೆ ಜಾಗ ಖಾಲಿಯೇ ಇತ್ತು.

ಇಂಥವರನ್ನು ನಾವು ಸಿಡುಕರೆಂದು ಕರೆದು ದೂರ ಕೂರಿಸುತ್ತೇವೆ. ಜೊತೆಯಲ್ಲಿ ಕೆಲಸ ಮಾಡುವುದು ಕಷ್ಟವೆನ್ನುತ್ತೇವೆ, ಅದು ನಿಜವೂ ಹೌದು. ಬರೆಯದೆ ಬಿಟ್ಟ ಜಾಗ ನಮ್ಮ ಕಣ್ಣಿಗೆ ಬರಿಯ ಬಿಳಿ ಹಾಳೆ. ಅವರಿಗೆ ಮಾತ್ರ ಅಲ್ಲಿ ಒಂದು ಮಗು ಮಲಗಿರುವುದು ಕಾಣುತ್ತದೆ. ಕಂಡ ಮೇಲೆ ಮೆಲ್ಲಗೆ ಮಾತಾಡುವುದು ಅವರಿಂದಾಗದು. ಆ ದಿನ ತರಗತಿಯಲ್ಲಿ ನಾನು ನಗಬಾರದಾಗಿತ್ತು.