ಮುಹಿಯುದ್ದೀನನ ಮುಖ

ಕಾದಂಬರಿಯಲ್ಲಿ ಸತ್ತವನ ಮುಖ ಹೇಗಿತ್ತೆಂದು ಎಲ್ಲೂ ಬರೆದಿರಲಿಲ್ಲ. ಓದುವಾಗ ಅದು ಗಮನಕ್ಕೇ ಬಂದಿರಲಿಲ್ಲ. ಚಿತ್ರ ಬರೆಯಲು ಕೂತಾಗ ಮಾತ್ರ ಕ್ರಿಸ್ಟಿನಾಳ ಕೈ ಅಲ್ಲೇ ನಿಂತಿತು.

ಶಿರ್ವದ ಕ್ರಿಸ್ಟಿನಾ ಕೊಲ್ಲಿ ನಾಡಿನಲ್ಲಿ, ಜುಮೇರಾ ಲೇಕ್ ಟವರ್ಸ್‌ನ ಜಾಹೀರಾತು ಕಂಪನಿಯೊಂದರಲ್ಲಿ ಚಿತ್ರಕಲಾವಿದೆ. ಬಿಡುವಿನಲ್ಲಿ ಮಂಗಳೂರಿನ ಪ್ರಕಾಶಕರೊಬ್ಬರಿಗಾಗಿ ನಿಝಾಮುದ್ದೀನ್ ಎಂಬವರ ಪತ್ತೇದಾರಿ ಕಾದಂಬರಿಯನ್ನು ಚಿತ್ರಕಾದಂಬರಿ ಮಾಡುತ್ತಿದ್ದಳು. ಗೆಳೆಯನನ್ನು ಟೆರೇಸಿನ ಮೆಟ್ಟಿಲಿಂದ ನೂಕಿ ಕೊಂದು, ಅವನ ಹೆಸರಿನಲ್ಲೇ ಬದುಕುವವನೊಬ್ಬನ ಬೆನ್ನು ಹತ್ತುವ ಪತ್ತೇದಾರನ ಕತೆ. ಲೇಖಕರು ಅಬುಧಾಬಿಯ ಮುಸಫ್ಫಾದಲ್ಲಿ ಒಂದು ವರ್ಕ್‌ಶಾಪಿನ ಸ್ಟೋರ್‌ಕೀಪರ್.

ಸತ್ತವನನ್ನು ಹಿಂದಿನಿಂದಲೇ ಬರೆಯಿರಿ ಎಂದು ಅವರು ಫೋನಿನಲ್ಲಿ ಹೇಳಿದರು. ಇಡೀ ಪುಸ್ತಕದಲ್ಲಿ ಬೆನ್ನನ್ನೇ ತೋರಿಸಲಾಗದು ಎಂದು ಇವಳು ಪಟ್ಟು ಹಿಡಿದಳು. ಎರಡು ವಾರ ಸುದ್ದಿಯಿಲ್ಲ. ಆಮೇಲೊಂದು ವಾಯ್ಸ್ ಮೆಸೇಜ್ ಬಂತು: ಎಡ ಹುಬ್ಬನ್ನು ಸೀಳಿದ ಗಾಯದ ಗುರುತು, ಹರಿದ ಕಿವಿಯ ಹಾಲೆ, ಒಂದರ ಮೇಲೊಂದು ಏರಿದ ಹಲ್ಲು. ಅವಳು ಆ ಮುಖ ಬರೆದು ಕಳಿಸಿದಳು.

“ಹಣೆ ಇನ್ನು ಸ್ವಲ್ಪ ಅಗಲ ಇತ್ತು,” ಎಂದು ಉತ್ತರ ಬಂತು.

ಇಲ್ಲದ ಮನುಷ್ಯನ ಹಣೆ ಹೀಗಿತ್ತು ಎಂದು ಯಾರು ಹೇಳುತ್ತಾರೆ? ಅವಳಿಗೆ ಒಳಗೊಳಗೇ ಇರಿಸುಮುರಿಸಾಯಿತು. ಆದರೂ ತಿದ್ದಿದಳು.

ಪ್ರಕಾಶಕರು ಆ ಪುಟವನ್ನು ಇನ್‌ಸ್ಟಾಗ್ರಾಮಿಗೆ ಹಾಕಿದ ಮೂರನೇ ದಿನ ಫರ್ಝಾನ ಎಂಬಾಕೆ ಕ್ರಿಸ್ಟಿನಾಳಿಗೆ ಬರೆದಳು. ಊರು ಗಂಗೊಳ್ಳಿ, ಅಬುಧಾಬಿಯ ಮದೀನತ್ ಜಾಯೆದ್‌ನಲ್ಲಿ ನರ್ಸ್. ಇದು ತನ್ನ ತಂದೆ ಮುಹಿಯುದ್ದೀನರ ಮುಖ, ತಾನು ಮೂರು ವರ್ಷದವಳಿದ್ದಾಗ ಅಬುಧಾಬಿಗೆ ಬಂದವರು ತಿರುಗಿ ಬರಲಿಲ್ಲ, ಒಂಬತ್ತು ವರ್ಷ ಕಾಗದ ಮಾತ್ರ ಬರುತ್ತಿತ್ತು ಎಂದಿದ್ದಳು. ಜೊತೆಗೊಂದು ಮದುವೆಯ ಫೋಟೊ. ಕಿವಿ ಹರಿದ ಬಗೆಯೂ ಒಂದೇ.

ಪ್ರಕಾಶಕರ ಬಳಿಯಿದ್ದ ವಿಳಾಸ ಹಿಡಿದು ಶನಿವಾರ ಇಬ್ಬರೂ ಮುಸಫ್ಫಾಕ್ಕೆ ಹೋದರು. ನಿಝಾಮುದ್ದೀನ್ ಎಂಬವರು ಇಲ್ಲಿ ಯಾರೂ ಇಲ್ಲ ಎಂದ ವಾಚ್‌ಮನ್. ಕ್ರಿಸ್ಟಿನಾ ಫೋನಿನಲ್ಲಿ ಲೇಖಕರ ಫೋಟೊ ತೋರಿಸಿದಳು. ಇವರು ಮುಹಿಯುದ್ದೀನ್ ಅಲ್ಲವೇ ಎಂದು ಅವನು ಒಳಗೆ ಕೈ ತೋರಿಸಿದ. ಫರ್ಝಾನ ಗೇಟಿನ ಸರಳು ಹಿಡಿದುಕೊಂಡಳು.

ಬೋಲ್ಟು ತುಂಬಿದ ಡಬ್ಬಗಳ ನಡುವೆ ಕೂತಿದ್ದ ಮುದುಕರು ಅವಳನ್ನು ಯಾರೆಂದು ಕೇಳಲಿಲ್ಲ. ಸ್ಟೂಲು ಎಳೆದುಕೊಟ್ಟು ತಾವಾಗಿಯೇ ಹೇಳತೊಡಗಿದರು. ಅವರ ನಿಜವಾದ ಹೆಸರು ನಿಝಾಮುದ್ದೀನ್; ಇಪ್ಪತ್ತಾರು ವರ್ಷದ ಹಿಂದೆ ಅವರೂ ಮುಹಿಯುದ್ದೀನರೂ ಒಂದೇ ರೂಮಿನಲ್ಲಿದ್ದರು. ನಿಝಾಮುದ್ದೀನರ ವೀಸಾ ಮುಗಿದಿತ್ತು, ಓಡಿಹೋದವನೆಂದು ಕಂಪನಿ ದೂರು ಕೊಟ್ಟಿತ್ತು. ಒಂದು ಸಂಜೆ ಮುಹಿಯುದ್ದೀನ್ ಟೆರೇಸಿನ ಮೆಟ್ಟಿಲಿಂದ ಬಿದ್ದರು. ಇಬ್ಬರದೂ ಒಂದೇ ಪ್ರಾಯ, ಇಬ್ಬರಿಗೂ ಗಡ್ಡ. ನಿಝಾಮುದ್ದೀನ್ ತಮ್ಮ ಪಾಸ್‌ಪೋರ್ಟನ್ನು ಬಿದ್ದವರ ಜೇಬಿಗೆ ಹಾಕಿ, ಅವರದನ್ನು ತೆಗೆದುಕೊಂಡರು. ದಫನ ಆದದ್ದು ನಿಝಾಮುದ್ದೀನ್ ಎಂಬ ಹೆಸರಿನಲ್ಲಿ. ಗಂಗೊಳ್ಳಿಗೆ ಕಾಗದ ಬರೆಯುತ್ತಿದ್ದದ್ದೂ ಇವರೇ. ಬರೆಯುವ ಚಟ ಹಿಡಿದದ್ದು ಅಲ್ಲಿಂದಲೇ.

“ಕತೆಯಲ್ಲಿ ನೂಕಿದ್ದು ಅಂತ ಉಂಟು,” ಎಂದಳು ಫರ್ಝಾನ.

“ಇಲ್ಲ. ಅವನೇ ಜಾರಿದ್ದು.” ಕೈಲಿದ್ದ ಬೋಲ್ಟನ್ನು ಡಬ್ಬಕ್ಕೆ ಹಾಕಿ ಹೇಳಿದರು, “ಆದ್ರೆ ಉಸಿರು ಇತ್ತು.”

“ಎಷ್ಟು ಹೊತ್ತು?”

ವಾರ್ಡಿನಲ್ಲಿ ರೋಗಿಯ ಕಡೆಯವರನ್ನು ಕೇಳುವ ಹಾಗೆ ಕೇಳಿದಳು.

“ಮಗ್ರಿಬ್ ಬಾಂಗ್ ಆಗ್ತಿತ್ತು, ಬಿದ್ದಾಗ. ಇಶಾ ಬಾಂಗ್ ಆದ ಮೇಲೆ ನಾನು ಜನ ಕರೆದದ್ದು.”

ಸಂಜೆಯ ಬಾಂಗಿನಿಂದ ರಾತ್ರಿಯ ಬಾಂಗಿನವರೆಗೆ ಒಂದೂಕಾಲು ಗಂಟೆ. ಫರ್ಝಾನ ಅಳಲಿಲ್ಲ. ಪೊಲೀಸ್ ಸ್ಟೇಷನ್ ಎಲ್ಲಿದೆ ಎಂದು ಮಾತ್ರ ಕೇಳಿದಳು. ಅವರೇ ಎದ್ದು ಸ್ಟೋರಿಗೆ ಬೀಗ ಹಾಕಿದರು.

ಸ್ಟೇಷನ್ನಿನ ಕೌಂಟರಿನಲ್ಲಿದ್ದ ಯುವಕ ಮೊದಲು ಹೆಸರು ಕೇಳಿದ. ಮುದುಕರು ಬಾಯಿ ತೆರೆದು ಹಾಗೇ ನಿಂತರು. ತಿರುಗಿ ಫರ್ಝಾನಳನ್ನು ನೋಡಿದರು. ಅವಳು ಏನೂ ಹೇಳಿಕೊಡಲಿಲ್ಲ.